ನಾಲಗೆಗೆ ಮುಟ್ಟಿಸಿ ಆರಿಸಿದ ಗಿಡಗಳು

ನಮ್ಮ ಕಟ್ಟಡದ ಹಿಂದೆ ಒಂದು ಜಾಗವಿದೆ. ಮೂವತ್ತು ಅಡಿ ಉದ್ದ, ಏಳು ಅಡಿ ಅಗಲ. ಅದನ್ನು ಹಿತ್ತಲು ಎಂದು ಕರೆದರೆ ಹಿತ್ತಲುಗಳಿಗೇ ಅವಮಾನ. ಎಡಗಡೆ ಐದು ಮಹಡಿಯ ಫ್ಲಾಟು, ಬಲಗಡೆ ಮದುವೆ ಮಂಟಪದ ಗೋಡೆ, ನೆತ್ತಿಯ ಮೇಲೆ ಪಕ್ಕದವರ ಮಾವಿನಮರ. ಕೋಡಂಬಾಕ್ಕಂನಲ್ಲಿ ಬೇರೆಲ್ಲ ಕಡೆ ಬಿಸಿಲು ಹೆಂಚಿನ ಹಾಗೆ ಕಾಯುತ್ತಿದ್ದರೂ ಇಲ್ಲಿಗೆ ಮಾತ್ರ ಮಧ್ಯಾಹ್ನ ಇಪ್ಪತ್ತು ನಿಮಿಷ ಬಂದು ಮುಖ ತೋರಿಸಿ ಹೋಗುತ್ತದೆ. ನಾವು ಈ ಕಟ್ಟಡಕ್ಕೆ ಬಂದು ಇಪ್ಪತ್ತೆರಡು ವರ್ಷ. ಅಷ್ಟು ವರ್ಷವೂ ಅಲ್ಲಿ ಒಡೆದ ಬಕೆಟ್ಟು, ಯಾರೋ ಬಿಟ್ಟುಹೋದ ಕಮೋಡು, ಸಿಮೆಂಟಿನ ಹೆಂಟೆ ಬಿಟ್ಟರೆ ಬೇರೇನೂ ಇರಲಿಲ್ಲ.

ಹಾಗಾಗಿ ಹೋದ ಜೂನ್ ತಿಂಗಳಲ್ಲಿ ಕೆಳಗಿನ ಮನೆಯ ಚಂದ್ರಮತಿ ಸೀರೆ ಎತ್ತಿ ಕಟ್ಟಿಕೊಂಡು ಆ ಹೆಂಟೆಗಳನ್ನು ಹೊರತೊಡಗಿದಾಗ ನಾನು ಮೇಲಿನ ಕಿಟಕಿಯಿಂದ ಕೂಗಿ ಕೇಳಿದೆ: "ಏನೇ ಚಂದ್ರಮತಿ, ನಿಧಿ ಗಿಧಿ ಸಿಕ್ಕಿತೇನೇ?"

"ಗಿಡ ನೆಡುವ ಅಂದೇಳಿ, ಅಕ್ಕ. ಸುಮ್ನೆ, ಚೆಂದಕ್ಕೆ," ಎಂದಳು.

ಚಂದ್ರಮತಿ ಚೆಂದಕ್ಕೆ ಏನನ್ನಾದರೂ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಕುಂದಾಪುರದ ಕಡೆಯವಳು. ಗಂಡ ಸದಾನಂದ ತ್ರಿಪ್ಲಿಕೇನ್‌ನ ಹೋಟೆಲೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷದಿಂದ ಸಾಂಬಾರು ಕುದಿಸುತ್ತಿರುವವನು. ಇವಳು ಮನೆಯಲ್ಲಿ ಪತ್ರೊಡೆ ಮಾಡಿ ಈ ಊರಿನ ಕರಾವಳಿಯವರ ಮನೆಗಳಿಗೆ ಕೊಡುತ್ತಾಳೆ. ಕೆಸುವಿನ ಎಲೆಗೆ ಹುಳಿ ಹಿಟ್ಟು ಬಳಿದು, ಸುತ್ತಿ, ಆವಿಯಲ್ಲಿ ಬೇಯಿಸುವ ತಿಂಡಿ ಅದು. ಕೆಸುವು ಸರಿಯಿಲ್ಲದಿದ್ದರೆ ತಿಂದವರ ಗಂಟಲು ತುರಿಸುತ್ತದೆ. ಅದಕ್ಕೇ ಚಂದ್ರಮತಿ ಪ್ರತಿ ಕಂತೆಯಿಂದಲೂ ಒಂದು ಹಸಿ ಎಲೆಯ ತುದಿ ಮುರಿದು ತನ್ನ ನಾಲಗೆಗೆ ಮುಟ್ಟಿಸಿ ನೋಡುತ್ತಾಳೆ. ಎರಡು ನಿಮಿಷ ಬಾಯಿ ಮುಚ್ಚಿ ಕೂರುತ್ತಾಳೆ. ತುರಿಕೆ ಹೆಚ್ಚಾದರೆ ಹುಣಸೆಹಣ್ಣು ಚೀಪಿ, ಆ ಕಂತೆ ಬಿಸಾಡಿ, ಮುಂದಿನದಕ್ಕೆ ಕೈ ಹಾಕುತ್ತಾಳೆ. "ಬಾಯಲ್ಲೇ ಲ್ಯಾಬೊರೇಟರಿ ಇಟ್ಕೊಂಡಿದೀಯಲ್ಲೇ," ಎಂದು ನಾನು ಎಷ್ಟೋ ಸಲ ರೇಗಿಸಿದ್ದೇನೆ.

ಇವರಿಗೆ ಒಬ್ಬಳೇ ಮಗಳು, ವೀಕ್ಷಾ. ಇನ್ಶೂರೆನ್ಸ್ ಕಚೇರಿಯಲ್ಲಿ ಕೆಲಸ. ಗಂಡ ಶ್ರೀಶನ ಜೊತೆ ಮಾಧವರಂನಲ್ಲಿ ಮನೆ ಮಾಡಿಕೊಂಡಿದ್ದಳು. ಮದುವೆಯಾಗಿ ಆರು ವರ್ಷಕ್ಕೆ ಬಸುರಿಯಾಗಿದ್ದಳು. ಆ ಆರು ವರ್ಷ ಚಂದ್ರಮತಿ ಯಾವ ದೇವರಿಗೆ ಏನು ಹರಕೆ ಹೊತ್ತಿದ್ದಳೋ ಅವಳಿಗೇ ಲೆಕ್ಕವಿರಲಿಕ್ಕಿಲ್ಲ. ಆದರೆ ಬಸಿರು ನಿಂತ ಮೇಲೆ ಅದರ ಬಗ್ಗೆ ಬಾಯಿಬಿಡುವುದೇ ಬಿಟ್ಟಳು. ಹುಟ್ಟುವ ಮೊದಲು ಮಗುವಿಗೆಂದು ಒಂದು ಎಳೆ ನೂಲನ್ನೂ ಮನೆಗೆ ತರಬಾರದು ಎಂಬುದು ಅವರಲ್ಲಿ ಗಟ್ಟಿ ಕಟ್ಟಳೆ. ತೊಟ್ಟಿಲು ಬೇಡ, ಟೋಪಿ ಬೇಡ, ಹೆಸರಿನ ಮಾತೂ ಬೇಡ. ನನ್ನ ಜೊತೆ ಟಿ. ನಗರಕ್ಕೆ ಬಂದಾಗ ಅಂಗೈಯಗಲದ ಅಂಗಿಗಳನ್ನು ತೂಗುಹಾಕಿದ ಅಂಗಡಿ ಎದುರಾದರೆ ಇವಳು ಮುಖ ತಿರುಗಿಸಿ ಎದುರು ಬದಿಗೆ ದಾಟುತ್ತಿದ್ದಳು. ಆಸೆ ಇಲ್ಲದೆ ಅಲ್ಲ, ವಿಪರೀತ ಇದ್ದುದರಿಂದ.

ಗಿಡದ ಹುಚ್ಚು ಹಿಡಿದದ್ದು ಆಗಲೇ. ನನಗೆ ಬುದ್ಧಿ ಇದ್ದಿದ್ದರೆ ಅಲ್ಲೇ ಅರ್ಥವಾಗಬೇಕಿತ್ತು.

ಪ್ರತಿ ಶನಿವಾರ ಅವಳು ಎರಡು ಬಸ್ಸು ಬದಲಾಯಿಸಿ ಮಗಳಿಗೆ ಊಟ ಕೊಂಡುಹೋಗುತ್ತಿದ್ದಳು. ಬರುವಾಗ ಮಾಧವರಂ ರಸ್ತೆಯ ನರ್ಸರಿಯೊಂದಕ್ಕೆ ನುಗ್ಗುತ್ತಿದ್ದಳು. ಎರಡನೆಯ ಶನಿವಾರ ನನ್ನನ್ನೂ ಎಳೆದುಕೊಂಡು ಹೋದಳು. ನರ್ಸರಿಯ ತಮ್ಮಯ್ಯ ಹೊಸೂರಿನ ಕಡೆಯ ಕನ್ನಡದವನು, ಮಾತಿನ ಮಲ್ಲ. ನೆರಳಿಗೆ ಗಿಡ ಬೇಕು ಎಂದದ್ದೇ ತಡ, ಹಸಿರು ಬಲೆಯ ಕೆಳಗೆ ಕರೆದೊಯ್ದು ನೂರು ಕುಂಡ ತೋರಿಸಿದ. ಎಲೆಯ ತುಂಬ ಬಿಳಿ ಚುಕ್ಕೆ ಎರಚಿದ ಡೈಫನ್‌ಬೇಕಿಯಾ, ಕೆಂಪು ನರದ ಕ್ಯಾಲೇಡಿಯಂ, ಆಂಥೂರಿಯಂ, ಬಿಳಿ ಹೂವಿನ ಪೀಸ್ ಲಿಲ್ಲಿ, ಮನಿಪ್ಲಾಂಟಿನಲ್ಲೇ ನಾಲ್ಕು ಬಗೆ. ಕಣ್ಣು ತುಂಬುವಷ್ಟು ಚೆಂದವಿದ್ದವು. ನಾನಾಗಿದ್ದರೆ ಅರ್ಧ ಗಂಟೆಯಲ್ಲಿ ಹತ್ತು ಆರಿಸಿ ಆಟೋ ಹತ್ತುತ್ತಿದ್ದೆ.

ಚಂದ್ರಮತಿ ಒಂದೊಂದರ ಮುಂದೆಯೂ ಕುಕ್ಕರುಗಾಲಲ್ಲಿ ಕೂತು ಬುಡ ನೋಡಿದಳು, ತೊಟ್ಟು ನೋಡಿದಳು, ತಲೆ ಅಲ್ಲಾಡಿಸಿದಳು.

"ಇದೆಲ್ಲ ಕೆಸಿನ ವಂಶವೇ, ಅಕ್ಕ. ಬಣ್ಣ ಬಳ್ಕಂಡ್ ಕೂತಿತ್ತ್, ಅಷ್ಟೇ. ಬ್ಯಾಡ."

ತಮ್ಮಯ್ಯನಿಗೆ ನಗು. "ಅಕ್ಕಾ, ನೋಡಕ್ಕೆ ತಗೊಂಡೋಗ್ತೀರೋ, ಸಾಂಬಾರ್ ಮಾಡಕ್ಕೋ?"

"ನಿಂಗೆ ಗೊತ್ತಾತಿಲ್ಲೆ ಮಾರಾಯ. ಬೇರೆ ತೋರ್ಸ್," ಎಂದಳು ಇವಳು.

ಬೇರೆಯವನ್ನೂ ತೋರಿಸಿದ. ಆಸ್ಪರಾಗಸ್ ಫರ್ನಿಗೆ ಕಣ್ಣಿಗೆ ಕಾಣದ ಮುಳ್ಳು, ಬೇಡ. ಕ್ರೋಟನ್ನಿಗೆ ಬಿಸಿಲು ಬೇಕು, ಮೇಲಾಗಿ ಮುರಿದರೆ ಹಾಲು ಸೋರುತ್ತದೆ, ಬೇಡ. ಗೋಡೆಗೆ ತೂಗುಹಾಕುವ ಕುಂಡ ಬೇಡ, ಬಿದ್ದರೆ? ಕೊನೆಗೆ ಎರಡು ಗಂಟೆ ಆ ಬಡಪಾಯಿಯ ಪ್ರಾಣ ತಿಂದು ಒಂದು ಜರಿಗಿಡ, ಒಂದು ಸ್ಪೈಡರ್ ಪ್ಲಾಂಟ್ ಹಿಡಿದುಕೊಂಡು ಬಂದಳು. ಎರಡೂ ತೀರಾ ಸಪ್ಪೆ. ಬಸ್ಸಿನುದ್ದಕ್ಕೂ ನಾನು ಗೊಣಗಿದೆ.

ಗೊಣಗಿದೆನಾದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಹೆಂಗಸು ಎರಡೇ ತಿಂಗಳಲ್ಲಿ ನೆರಳನ್ನು ಅರೆದು ಕುಡಿದಿದ್ದಳು. ಮಂಟಪದ ಗೋಡೆಯ ಬದಿ ಗಾಢ ನೆರಳು, ಅಲ್ಲಿಗೆ ಅಗಲ ಎಲೆಯ ಕಡುಹಸಿರಿನವು; ಆ ಇಪ್ಪತ್ತು ನಿಮಿಷದ ಬಿಸಿಲು ಬೀಳುವ ಮೂಲೆಗೆ ಪಟ್ಟೆ ಇರುವವು, ಇಲ್ಲವಾದರೆ ಬಣ್ಣ ಹೋಗುತ್ತದೆ ಎಂದು ನನಗೇ ಪಾಠ ಹೇಳಿದಳು. ನೆರಳಿನ ಗಿಡಕ್ಕೆ ದಿನಾ ನೀರು ಹೊಯ್ದರೆ ಬೇರು ಕೊಳೆಯುತ್ತದೆಂದು ಬೆರಳು ಮಣ್ಣಿಗೆ ಚುಚ್ಚಿ ನೋಡಿ ಹೊಯ್ಯುತ್ತಿದ್ದಳು. ನಮ್ಮ ಬೋರ್‌ವೆಲ್ಲಿನ ಉಪ್ಪುನೀರಿಗೆ ಕ್ಯಾಲೇಥಿಯಾದ ಎಲೆಯಂಚು ಸುಡುತ್ತದೆಂದು ಕಂಡಮೇಲೆ ಅದಕ್ಕೆ ಮಾತ್ರ ಕುಡಿಯುವ ಕ್ಯಾನ್ ನೀರು. "ನಮಗೆಲ್ಲ ಒಂದು ಲೋಟ ನೀರು ಕೊಡೋಕೆ ಮೂಗು ಮುರೀತೀಯ," ಎಂದರೆ ನಗುತ್ತಿದ್ದಳು. ಮರಾಂಟಾ, ಪೆಪರೋಮಿಯಾ, ಹಕ್ಕಿಗೂಡಿನಂಥ ಜರಿ, ಎರಡು ಅರೆಕಾ ಪಾಮ್. ಎಲ್ಲವೂ ನೆಲದ ಮೇಲೆ, ನೆಲಕ್ಕೆ ಹತ್ತಿರ. ನಡುವೆ ಅವಳೇ ಕೂತು ಹಾಸಿದ ನಯವಾದ ಕಡಪಾ ಕಲ್ಲು. ಎಲ್ಲ ಸೇರಿ ನಲವತ್ತೊಂದು ಗಿಡ. ನಮ್ಮವರೂ ಪೇಪರು ಹಿಡಿದುಕೊಂಡು ಅಲ್ಲಿಗೇ ಹೋಗಿ ಕೂರತೊಡಗಿದರು.

ಆಗಸ್ಟಿನ ಒಂದು ಶನಿವಾರ ಸಂಜೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಬಂದಳು. ಸೆರಗು ಸರಿಸಿದರೆ ತುಟಿ ಬೋಂಡದ ಹಾಗೆ ಊದಿದೆ. ನಾಲಗೆ ಹೊರಳುತ್ತಿಲ್ಲ, ಕಣ್ಣಲ್ಲಿ ನೀರು. ನನಗೆ ಗಾಬರಿಯಾಗಿ ಡಾಕ್ಟರ ಹತ್ತಿರ ಓಡಿಸಿಕೊಂಡು ಹೋದೆ. ಇಂಜೆಕ್ಷನ್ ಕೊಟ್ಟು, ಅರ್ಧ ಗಂಟೆ ಕೂರಿಸಿ, ಏನು ತಿಂದಿರಿ ಎಂದು ಅವರು ಕೇಳಿದಾಗ ವಿಷಯ ಹೊರಬಿತ್ತು. ತಮ್ಮಯ್ಯ ಹೊಸದೊಂದು ಗಿಡ ತೋರಿಸಿದ್ದ. ಎಲೆ ನೋಡಿದರೆ ಕೆಸುವಿನದಲ್ಲ ಅನಿಸಿತ್ತಂತೆ. ಅನುಮಾನ ಪರಿಹಾರಕ್ಕೆ ಇವಳು ಎಲೆ ಮುರಿದು ನಾಲಗೆಗೆ ಮುಟ್ಟಿಸಿದ್ದಳು. ಮನೆಯಲ್ಲಿ ನೆಟ್ಟ ಪ್ರತಿಯೊಂದನ್ನೂ ಹಾಗೆಯೇ ನೋಡಿ ತಂದಿದ್ದಳಂತೆ.

ಮನೆಗೆ ಬಂದ ಮೇಲೆ ನಾನು ಬೈದೆ. ನನ್ನ ಬಾಯಿ ಒಮ್ಮೆ ಶುರುವಾದರೆ ನಿಲ್ಲುವುದು ಕಷ್ಟ. "ತಲೆ ಕೆಟ್ಟಿದ್ಯಾ ನಿಂಗೆ? ನೋಡೋ ಗಿಡವನ್ನ ಯಾರಾದ್ರೂ ನೆಕ್ತಾರಾ? ಯಾರು ತಿನ್ನೋರು ಅದನ್ನ? ಸದಾನಂದ ತಿಂತಾನಾ, ನಾನು ತಿಂತೀನಾ? ಹೇಳು, ಯಾರು ತಿಂತಾರೆ?"

ಊದಿದ ನಾಲಗೆಯಲ್ಲಿ ಅವಳು ತೊದಲಿದಳು. "ಶಿಶು ಬಾಯಿಗ್ ಹಾಕಂಡ್ರೆ ಎಂತ ಮಾಡುದ್, ಅಕ್ಕ? ಅಂಬೆಗಾಲ್ ಇಡು ಮಕ್ಳ್ ಸಿಕ್ಕದ್ದೆಲ್ಲ ಬಾಯಿಗ್ ಹಾಕ್ತ್."

ಹೇಳಿದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುಖ ಬಿಳಿಚಿತು. ಐದು ತಿಂಗಳು ಯಾರ ಮುಂದೆಯೂ ಆಡದ ಮಾತನ್ನು ಆಡಿಬಿಟ್ಟಿದ್ದಳು. ಅಂಗಿ ತರುವ ಹಾಗಿಲ್ಲ, ತೊಟ್ಟಿಲು ತರುವ ಹಾಗಿಲ್ಲ. ಗಿಡ ತರಬಾರದೆಂದು ಯಾವ ಹಿರಿಯರೂ ಹೇಳಿರಲಿಲ್ಲವಲ್ಲ, ಆ ಸಂದಿಯಲ್ಲಿ ನುಸುಳಿ ಅವಳು ಮಗುವಿಗೊಂದು ಹಿತ್ತಲನ್ನೇ ತಂದಿಟ್ಟಿದ್ದಳು. ನಾನು ನಕ್ಕೆ. "ಇದಕ್ಕೆ ಇಷ್ಟೊಂದು ನಾಟಕವಾ!" ಎಂದು ನಕ್ಕೆ. ಅವಳು ನಗಲಿಲ್ಲ. ದೇವರ ಮುಂದೆ ದೀಪ ಹಚ್ಚಿ ಬರುತ್ತೇನೆಂದು ಎದ್ದುಹೋದಳು. ಆ ನಗು ಈಗ ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಸೆಪ್ಟೆಂಬರಿನಲ್ಲಿ ಸೀಮಂತ ಮುಗಿಸಿ ವೀಕ್ಷಾ ತವರಿಗೆ ಬಂದಳು. ಸಂಜೆ ಹಿಂಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಅಮ್ಮ ಕನ್ನಡದಲ್ಲಿ ಕೇಳುವುದು, ಮಗಳು ಅರ್ಧ ತಮಿಳಿನಲ್ಲಿ ಉತ್ತರಿಸುವುದು. ಮೇಲಿನ ಕಿಟಕಿಯಲ್ಲಿ ನಿಂತರೆ ಆ ಇಬ್ಬರ ಸದ್ದು ಕೇಳುತ್ತಿತ್ತು. ಆ ಒಂದು ತಿಂಗಳು ಚಂದ್ರಮತಿ ಎಷ್ಟು ಸುಖವಾಗಿದ್ದಳು ಎಂದು ನಾನು ಹೇಳಬಲ್ಲೆ, ಏಕೆಂದರೆ ಪತ್ರೊಡೆಗೆ ಎರಡು ಸಲ ಉಪ್ಪು ಹಾಕಿ ಕೊಟ್ಟಿದ್ದಳು.

ಒಂಬತ್ತನೆಯ ತಿಂಗಳು ನಡೆಯುತ್ತಿದ್ದಾಗ, ಅಕ್ಟೋಬರಿನ ಒಂದು ಬೆಳಿಗ್ಗೆ, ಮಗು ಅಲ್ಲಾಡುತ್ತಿಲ್ಲ ಎಂದಳು ವೀಕ್ಷಾ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಯಾರ ತಪ್ಪೂ ಅಲ್ಲ, ಕೆಲವೊಮ್ಮೆ ಕಾರಣವೇ ತಿಳಿಯುವುದಿಲ್ಲ ಎಂದರು ಡಾಕ್ಟರು. ಆ ಹುಡುಗಿ ಹದಿನಾಲ್ಕು ಗಂಟೆ ನೋವು ತಿಂದು ಸತ್ತ ಮಗುವನ್ನು ಹೆತ್ತಳು. ಹೆಣ್ಣು.

ನಾನು ಹೋದಾಗ ಚಂದ್ರಮತಿ ಆಸ್ಪತ್ರೆಯ ಕಾರಿಡಾರಿನಲ್ಲಿ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ನರ್ಸು ಹಸಿರು ಬಟ್ಟೆಯ ತುಂಡೊಂದನ್ನು ಕೊಟ್ಟಿದ್ದಳು, ಅದು ಸಾಲುತ್ತಿರಲಿಲ್ಲ. ಹೊದಿಸಲು ನಮ್ಮಲ್ಲಿ ಏನೂ ಇರಲಿಲ್ಲ. ತಂದಿರಲೇ ಇಲ್ಲವಲ್ಲ. ಚಂದ್ರಮತಿ ಉಟ್ಟ ಸೀರೆಯ ಸೆರಗನ್ನು ಹಲ್ಲಿನಿಂದ ಕಚ್ಚಿ ಹರಿದು ಸುತ್ತಿದಳು. "ಉಗುರೆಲ್ಲ ಬಂದಿತ್ತ್ ಅಕ್ಕ, ಕಾಣಿ," ಎಂದು ಒಂದು ಬೆರಳನ್ನು ನನಗೆ ತೋರಿಸಿದಳು. ಸದಾನಂದ ಮತ್ತು ಶ್ರೀಶ ಬಂದು ಮಗುವನ್ನು ತೆಗೆದುಕೊಂಡು ಹೋದರು.

ಅವತ್ತು ಮಧ್ಯಾಹ್ನ ಊರಿನಿಂದ ಫೋನಿನ ಮೇಲೆ ಫೋನು. ಎಲ್ಲರದೂ ಒಂದೇ ಸಮಾಧಾನ: ಸದ್ಯ, ಮೊದಲೇ ಏನೂ ತಂದಿರಲಿಲ್ಲ, ಕಣ್ಣಿಗೆ ಬಿದ್ದು ಸಂಕಟಪಡುವುದು ತಪ್ಪಿತು. ಚಂದ್ರಮತಿ ಎಲ್ಲರಿಗೂ ಹೂಂ, ಹೂಂ ಎಂದಳು. ಫೋನು ಇಟ್ಟು ನನ್ನ ಕಡೆ ತಿರುಗಿದಳು.

"ನಾನೇ ಅಕ್ಕ. ಎಂತದೂ ತರಬಾರ್ದ್ ಅಂದೇಳಿ ಎಲ್ಲರಿಗೂ ಹೇಳಿ ನಾನೇ ತಂದಿಟ್ಟೆ. ನಲ್ವತ್ತೊಂದ್ ತಂದಿಟ್ಟೆ. ಬಾಯಲ್ಲೂ ಆಡಿಬಿಟ್ಟೆ."

"ಹುಚ್ಚು ಹುಚ್ಚಾಗಿ ಮಾತಾಡಬೇಡ!" ಎಂದು ಗದರಿದೆ. ನನಗೆ ಸಿಟ್ಟು ಬಂದಿತ್ತು. ಅವಳ ಮೇಲಲ್ಲ. ಬಾಯಿಬಿಡಿಸಿದವಳು ನಾನು. ಈ ಕಟ್ಟಳೆಗಳನ್ನೆಲ್ಲ ನಾನು ನಂಬುವವಳಲ್ಲ, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿದವಳು, ಲೆಕ್ಕಕ್ಕೆ ಸಿಗದ್ದನ್ನು ತಲೆಗೆ ಹಚ್ಚಿಕೊಂಡವಳಲ್ಲ. ಆದರೂ ಅವತ್ತು ಊಟ ಸೇರಲಿಲ್ಲ.

ಮೂರನೆಯ ದಿನ ವೀಕ್ಷಾಳನ್ನು ಮನೆಗೆ ಕಳಿಸುತ್ತೇವೆಂದರು. ಸಂಜೆ ಬರುತ್ತಾಳೆಂದು ಗೊತ್ತಾದ ಕೂಡಲೇ ಚಂದ್ರಮತಿ ಹಿತ್ತಲಿಗೆ ಇಳಿದು ಗಿಡ ಕೀಳತೊಡಗಿದಳು. ಸದ್ದು ಕೇಳಿ ನಾನು ಕೆಳಗೆ ಓಡಿದೆ. ಜರಿಗಿಡಗಳನ್ನು ಬೇರುಸಹಿತ ಕಿತ್ತು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಉಗುರಿನ ತುಂಬ ಮಣ್ಣು.

"ಅವ್ಳ್ ಇದನ್ನ ಕಾಂಬುಕಾಗ ಅಕ್ಕ. ಯಾಕ್ ತಂದದ್ದ್ ಅಂದೇಳಿ ಅವ್ಳಿಗ್ ಗೊತ್ತಾಪ್ಕಾಗ. ಒಂದ್ ಕೈ ಕೊಡಿ."

ನಾನೂ ಸೆರಗು ಸಿಕ್ಕಿಸಿ ಕೂತು ಮರಾಂಟಾಗಳಿಗೆ ಕೈ ಹಾಕಿದೆ. ಹನ್ನೊಂದು ಕಿತ್ತಿದ್ದೆವು. ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ಆಟೋ ನಿಂತಿತು. ಮಧ್ಯಾಹ್ನವೇ ಬಿಟ್ಟಿದ್ದರು. ಶ್ರೀಶನ ತೋಳು ಹಿಡಿದು ವೀಕ್ಷಾ ಒಳಗೆ ಬಂದಳು, ನೇರ ಹಿಂಬಾಗಿಲಿಗೆ ಬಂದು ನಿಂತಳು. ಗೋಣಿಚೀಲ ನೋಡಿದಳು, ನಮ್ಮಿಬ್ಬರ ಕೈ ನೋಡಿದಳು, ಕೋಣೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮಾರನೆಯ ದಿನ ಅವಳಿಗೆ ಹಾಲು ಬಂತು.

ಡಾಕ್ಟರು ಮಾತ್ರೆ ಕೊಟ್ಟಿದ್ದರು, ಆದರೂ ಬಂತು. ಎದೆ ಕಲ್ಲಾಯಿತು, ಜ್ವರ ಏರಿತು, ಅಂಗಿ ಒದ್ದೆ. ಆ ಹುಡುಗಿ ಹಲ್ಲು ಕಚ್ಚಿಕೊಂಡು ನರಳುತ್ತಿದ್ದಳು. ಚಂದ್ರಮತಿ ಮೇಲೆ ಬಂದು ಬಾಗಿಲಲ್ಲೇ ನಿಂತು, "ಮಲ್ಲಿಗಿ ಬೇಕ್ ಅಕ್ಕ, ಕಟ್ಟಿದ್ದ್. ಎದೆಗೆ ಕಟ್ರೆ ಹಾಲ್ ನಿಲ್ತ್. ನಂಗೆ ಮಾರ್ಕೆಟಿಗೆ ಹೋಪುಕ್ ಕಾಲ್ ಬತ್ತಿಲ್ಲೆ," ಎಂದಳು.

ನಾನೇ ಹೋದೆ. ಹತ್ತು ಮೊಳ ಕೇಳಿದೆ. ಹೂವಿನವಳು ಅಳೆಯುತ್ತ ಮನೆಯಲ್ಲಿ ಏನು ವಿಶೇಷ, ಮದುವೆಯಾ ನಾಮಕರಣವಾ ಎಂದು ತಮಿಳಿನಲ್ಲಿ ಕೇಳಿದಳು. ನಾಮಕರಣ ಎಂದೆ. ಅವಳು ಸಂತೋಷಪಟ್ಟು ಇನ್ನೊಂದು ಮೊಳ ಕತ್ತರಿಸಿ, ಇದು ನನ್ನ ಲೆಕ್ಕದಲ್ಲಿ ಮಗುವಿಗೆ ಎಂದು ಪೊಟ್ಟಣಕ್ಕೆ ಸೇರಿಸಿದಳು. ಆಟೋದಲ್ಲಿ ಮನೆ ಮುಟ್ಟುವವರೆಗೂ ನಾನು ಅತ್ತೆ. ಡ್ರೈವರು ಎರಡು ಸಲ ತಿರುಗಿ ನೋಡಿದ.

ಚಂದ್ರಮತಿ ಮಗಳ ಎದೆಗೆ ಹೂವನ್ನು ಸುತ್ತು ಸುತ್ತಾಗಿ ಹಾಸಿ, ಮೇಲೆ ಹಳೆಯ ಪಂಚೆಯ ಬಟ್ಟೆ ಬಿಗಿದು ಕಟ್ಟಿದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಾಡಿದ್ದನ್ನು ಬಿಚ್ಚಿ ಹೊಸತು ಕಟ್ಟುವುದು. ಬಾಡಿದ ಹೂವಿನಲ್ಲಿ ಹಾಲಿನ ವಾಸನೆ. ಇಡೀ ಮನೆ ಮದುವೆಮನೆಯಂತೆ ಘಮಘಮಿಸುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಜ್ವರ ಸ್ವಲ್ಪ ಇಳಿದಾಗ ವೀಕ್ಷಾ ಎದ್ದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು. ನಾನು ಪಕ್ಕದಲ್ಲಿದ್ದೆ. ಚಂದ್ರಮತಿ ಗಂಜಿ ಹಿಡಿದು ಹಿಂದೆ ನಿಂತಿದ್ದಳು. ಹುಡುಗಿ ಉಳಿದ ಗಿಡಗಳನ್ನೇ ನೋಡುತ್ತ ಕೇಳಿದಳು: "ಅಮ್ಮಾ, ಇದ್ರಲ್ಲಿ ಯಾವ್ದನ್ನ ಬಾಯಿಗೆ ಹಾಕಿದ್ರೂ ಒಣ್ಣುಂ ಆಗಲ್ಲ, ಅಲ್ವಾ?"

"ನಿಂಗ್ ಯಾರ್ ಹೇಳಿದ್?" ಎಂದಳು ಚಂದ್ರಮತಿ.

"ಯಾರೂ ಹೇಳಿಲ್ಲ. ಎಲ್ಲಾನೂ ನೀನು ಕೆಳಗೇ ಇಟ್ಟಿದ್ದೆ. ನಂಗೆ ಬಗ್ಗಕ್ಕೆ ಆಗಲ್ಲ, ನಿಂಗೂ ಮಂಡಿನೋವು. ಅಪ್ಪುರಂ ಇನ್ಯಾರಿಗೆ ಅಂತ ಬಂದಾವತ್ತೇ ಗೊತ್ತಾಯ್ತು. ಅವಳಿಗೆ ತೋರಿಸ್ತಿದ್ದೆ ಅಮ್ಮಾ ನಾನು. ದಿನಾ ಇಲ್ಲೇ ಕೂತ್ಕೊಂಡು, ಒಳಗಿದ್ದವಳಿಗೆ ಒಂದೊಂದೂ ಹೆಸರು ಹೇಳಿ ತೋರಿಸ್ತಿದ್ದೆ," ಎಂದಳು.

ಚಂದ್ರಮತಿ ಬಟ್ಟಲು ಕೆಳಗಿಟ್ಟು ಮಗಳ ಹಿಂದೆಯೇ ಕುಸಿದು ಕೂತು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. "ಎಂತದೂ ಆತಿಲ್ಲೆ ಮಗಾ. ಒಂದೊಂದನ್ನೂ ನಾನ್ ಕಂಡ್ ತಂದದ್ದ್. ಎಂತದೂ ಆತಿಲ್ಲೆ," ಎಂದು ಮತ್ತೆ ಮತ್ತೆ ಹೇಳಿದಳು. ನಾನು ಎದ್ದು ಮೇಲೆ ಬಂದೆ.

ಆಮೇಲೆ ಚಂದ್ರಮತಿಗೆ ಒಂದೇ ಜಪ. ಹಾಲು ನಿಲ್ಲಲಿ, ಮಗಳ ನೋವು ಇಳಿಯಲಿ. ಮೂರು ದಿನ ನಾನು ಎರಡು ಹೊತ್ತೂ ಹೂವು ತಂದುಕೊಟ್ಟೆ. ಹೂವಿನವಳು ಮಗುವಿಗೆ ಏನು ಹೆಸರಿಟ್ಟಿರಿ ಎಂದು ಕೇಳಿದ ಮೇಲೆ ಬೇರೆ ಅಂಗಡಿಗೆ ಹೋದೆ.

ನಾಲ್ಕನೆಯ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಚಂದ್ರಮತಿ ನಿಂತಿದ್ದಳು, ಕೈಯಲ್ಲಿ ಬಿಚ್ಚಿದ ಪಂಚೆಯ ಬಟ್ಟೆ. ಒಣಗಿತ್ತು. ಆಸ್ಪತ್ರೆಯಲ್ಲಿ ಅಳದಿದ್ದವಳು, ಫೋನುಗಳಿಗೆಲ್ಲ ಹೂಂಗುಟ್ಟಿದವಳು, ಗಿಡ ಕೀಳುವಾಗಲೂ ಕಣ್ಣೀರು ಹಾಕದವಳು ನನ್ನ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಹಾಲ್ ನಿಂತ್ ಹೋಯ್ತ್, ಅಕ್ಕ," ಎಂದು ಜೋರಾಗಿ ಅಳತೊಡಗಿದಳು.